‘ಹ್ಯಾವ್’ ಕ್ರಿಯಾಪದವನ್ನು ಸರಿಯಾಗಿ ಬಳಸುವುದು ಹೇಗೆ? ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

‘ಹ್ಯಾವ್’ ಎಂಬ ಚಿಕ್ಕ ಪದವನ್ನು ಬಿಟ್ಟು ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡುವುದು ಕಷ್ಟ. ಆಕ್ಸ್‌ಫರ್ಡ್ ಇಂಗ್ಲಿಷ್ ಕಾರ್ಪಸ್ ಎಂಬ ಬೃಹತ್ ಪಠ್ಯಸಂಗ್ರಹವನ್ನು ಆಧರಿಸಿದ ಅತಿಬಳಕೆಯ ಪದಗಳ ಪಟ್ಟಿಯಲ್ಲಿ ಅದಕ್ಕೆ 9ನೆಯ ಸ್ಥಾನವಿದೆ. ಕ್ರಿಯಾಪದಗಳನ್ನಷ್ಟೇ ಲೆಕ್ಕ ಹಾಕಿದರೆ ‘ಆ್ಯಮ್’, ‘ಈಸ್’, ‘ಆರ್’ಗಳ ಮೂಲರೂಪವಾದ ‘ಬಿ’ಯ ನಂತರದ ಸ್ಥಾನ ಇದರದೇ. ಸ್ವಾಮ್ಯ, ಸಂಬಂಧ, ಕಾಯಿಲೆ, ಊಟ, ಮುಗಿದ ಕೆಲಸ, ಮಾಡಲೇಬೇಕಾದ ಕೆಲಸ, ಬೇರೆಯವರಿಂದ ಮಾಡಿಸಿದ ಕೆಲಸ, ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ತೋರುವ ಹಲವು ಅರ್ಥಗಳನ್ನು ಈ ಒಂದೇ ಪದ ಹೊರುತ್ತದೆ.

ಕನ್ನಡದಲ್ಲಿ ಇದಕ್ಕೆ ಸಮನಾದ ಒಂದು ಕ್ರಿಯಾಪದ ಆಡುಮಾತಿನಲ್ಲಿ ಇಲ್ಲ. ಪಠ್ಯಪುಸ್ತಕಗಳು ‘ಹೊಂದಿದ್ದೇನೆ’ ಎಂದು ಅರ್ಥ ಕೊಡುತ್ತವೆ, ಆದರೆ ‘ನಾನು ಇಬ್ಬರು ಅಣ್ಣಂದಿರನ್ನು ಹೊಂದಿದ್ದೇನೆ’ ಎಂದು ಯಾವ ಮನೆಯಲ್ಲೂ ಯಾರೂ ಹೇಳುವುದಿಲ್ಲ. ನಾವು ಹೇಳುವುದು ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎಂದು. ‘ಹೊಂದು’ ಎಂಬ ಊರುಗೋಲನ್ನು ಹಿಡಿದು ‘ಹ್ಯಾವ್’ ಕಲಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾವು ನಿಜವಾಗಿ ಆಡುವ ಕನ್ನಡ ವಾಕ್ಯದಿಂದ ಹೊರಟು, ಅದು ಏನನ್ನು ಹೇಳುತ್ತಿದೆ ಎಂದು ನೋಡಿಕೊಂಡು, ಆಮೇಲೆ ಇಂಗ್ಲಿಷಿನ ರೂಪವನ್ನು ಆರಿಸಿಕೊಳ್ಳುವ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿರುವುದರಿಂದ ಅವುಗಳನ್ನು ಗಟ್ಟಿಯಾಗಿ ಓದಿಕೊಂಡರೆ ಹೆಚ್ಚು ಪ್ರಯೋಜನವಾಗುತ್ತದೆ.

ಮೊದಲ ಹೆಜ್ಜೆ: ವಾಕ್ಯದ ಒಡೆಯ ಯಾರೆಂದು ಗುರುತಿಸಿ

‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎಂಬ ವಾಕ್ಯದಲ್ಲಿ ‘ಇದ್ದಾರೆ’ ಎಂಬ ಕ್ರಿಯಾಪದ ಹೊಂದಿಕೊಳ್ಳುವುದು ಅಣ್ಣಂದಿರ ಜೊತೆಗೆ. ನಾನು ಎಂಬುವನು ‘ನನಗೆ’ ಎಂಬ ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತಿದ್ದಾನೆ. ಇಂಗ್ಲಿಷಿನಲ್ಲಿ ಈ ಸ್ಥಾನಗಳು ಅದಲುಬದಲಾಗುತ್ತವೆ: ‘ನನಗೆ’ ಇದ್ದದ್ದು ‘ಐ’ ಆಗಿ ವಾಕ್ಯದ ತಲೆಗೆ ಬಂದು ಕರ್ತೃವಾಗುತ್ತದೆ, ಅಣ್ಣಂದಿರು ಹಿಂದಕ್ಕೆ ಸರಿದು ಕರ್ಮವಾಗುತ್ತಾರೆ. ‘ಐ ಹ್ಯಾವ್ ಟೂ ಎಲ್ಡರ್ ಬ್ರದರ್ಸ್.’

ಈ ಅದಲುಬದಲನ್ನು ಮಾಡದೆ ಕನ್ನಡದ ಕ್ರಮವನ್ನೇ ಉಳಿಸಿಕೊಂಡಾಗ ‘ಟುಮಾರೋ ಎಕ್ಸಾಮ್ ಈಸ್ ದೇರ್’, ‘ಮನಿ ಈಸ್ ದೇರ್ ವಿತ್ ಮಿ’ ಎಂಬಂಥ ವಾಕ್ಯಗಳು ಹುಟ್ಟುತ್ತವೆ. ಬೆಂಗಳೂರಿನ ಕಾಲೇಜುಗಳಲ್ಲಿಯೂ ಕಚೇರಿಗಳಲ್ಲಿಯೂ ಇವು ಎಲ್ಲರಿಗೂ ಅರ್ಥವಾಗುತ್ತವೆ, ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಸರಿಯಾದ ರೂಪಗಳು ‘ಐ ಹ್ಯಾವ್ ಆ್ಯನ್ ಎಕ್ಸಾಮ್ ಟುಮಾರೋ’ ಮತ್ತು ‘ಐ ಹ್ಯಾವ್ ಸಮ್ ಮನಿ ವಿತ್ ಮಿ’.

ಕನ್ನಡದಲ್ಲಿ ಇರುವಿಕೆಯನ್ನು ಹೇಳುವ ವಿಭಕ್ತಿಗಳು ಹಲವು. ಬಂಧುಗಳಿಗೂ ಕೆಲಸಕ್ಕೂ ‘ನನಗೆ’ ಎನ್ನುತ್ತೇವೆ, ಕೈಯಲ್ಲಿರುವ ವಸ್ತುವಿಗೆ ‘ನನ್ನ ಹತ್ತಿರ’ ಅಥವಾ ‘ನನ್ನ ಬಳಿ’ ಎನ್ನುತ್ತೇವೆ, ಗುಣಕ್ಕೆ ‘ಅವಳಲ್ಲಿ’ ಎನ್ನುತ್ತೇವೆ, ಕಟ್ಟಡಕ್ಕೆ ‘ಮನೆಗೆ ಎರಡು ಬಾಗಿಲುಗಳಿವೆ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಹ್ಯಾವ್’ ಒಂದೇ ಸಾಕು: ‘ಐ ಹ್ಯಾವ್ ಅ ಮೀಟಿಂಗ್’, ‘ಐ ಹ್ಯಾವ್ ಅ ಪೆನ್’, ‘ಶೀ ಹ್ಯಾಸ್ ಪೇಶನ್ಸ್’, ‘ದ ಹೌಸ್ ಹ್ಯಾಸ್ ಟೂ ಡೋರ್ಸ್’. ನಮ್ಮ ಭಾಷೆ ಸೂಕ್ಷ್ಮವಾಗಿ ಬೇರ್ಪಡಿಸುವುದನ್ನು ಇಂಗ್ಲಿಷ್ ಇಲ್ಲಿ ಒಟ್ಟುಗೂಡಿಸುತ್ತದೆ, ಹೀಗಾಗಿ ಈ ಭಾಗ ಕನ್ನಡಿಗರಿಗೆ ಸುಲಭವಾಗಬೇಕು.

ಆದರೆ ‘ನನಗೆ’ ಎಂದು ಶುರುವಾದ ಪ್ರತಿಯೊಂದು ವಾಕ್ಯವೂ ‘ಹ್ಯಾವ್’ಗೆ ಹೋಗುವುದಿಲ್ಲ, ಮತ್ತು ಎಚ್ಚರ ಬೇಕಾದದ್ದು ಇಲ್ಲಿಯೇ. ‘ನನಗೆ ಹಸಿವಾಗಿದೆ’ ಎಂಬುದು ‘ಐ ಆ್ಯಮ್ ಹಂಗ್ರಿ’, ‘ನನಗೆ ಬಾಯಾರಿಕೆಯಾಗಿದೆ’ ಎಂಬುದು ‘ಐ ಆ್ಯಮ್ ಥರ್ಸ್ಟಿ’, ‘ನನಗೆ ಇಪ್ಪತ್ತು ವರ್ಷ’ ಎಂಬುದು ‘ಐ ಆ್ಯಮ್ ಟ್ವೆಂಟಿ’, ‘ನನಗೆ ಭಯವಾಗುತ್ತಿದೆ’ ಎಂಬುದು ‘ಐ ಆ್ಯಮ್ ಸ್ಕೇರ್ಡ್’. ದೇಹ ಮತ್ತು ಮನಸ್ಸಿನ ಸ್ಥಿತಿಗೆ ಇಂಗ್ಲಿಷಿನಲ್ಲಿ ವಿಶೇಷಣ ಇದ್ದರೆ ಸಾಮಾನ್ಯವಾಗಿ ‘ಆ್ಯಮ್’ ಬರುತ್ತದೆ. ಹೆಸರುಳ್ಳ ಕಾಯಿಲೆಯಾಗಿದ್ದರೆ ‘ಹ್ಯಾವ್’ ಬರುತ್ತದೆ: ‘ನನಗೆ ಜ್ವರ ಬಂದಿದೆ’ ಎಂಬುದು ‘ಐ ಹ್ಯಾವ್ ಅ ಫೀವರ್’, ‘ತಲೆನೋವಿದೆ’ ಎಂಬುದು ‘ಐ ಹ್ಯಾವ್ ಅ ಹೆಡೇಕ್’, ‘ನೆಗಡಿಯಾಗಿದೆ’ ಎಂಬುದು ‘ಐ ಹ್ಯಾವ್ ಅ ಕೋಲ್ಡ್’. ಕನ್ನಡದಲ್ಲಿ ಜ್ವರ ಬರುತ್ತದೆ, ನೆಗಡಿ ಆಗುತ್ತದೆ. ಇಂಗ್ಲಿಷಿನಲ್ಲಿ ಎರಡೂ ನಮ್ಮ ಬಳಿ ಇರುತ್ತವೆ. ಇನ್ನು ‘ನನಗೆ ಗೊತ್ತು’, ‘ನನಗೆ ಇಷ್ಟ’, ‘ನನಗೆ ಬೇಕು’ ಎಂಬವುಗಳಿಗೆ ‘ನೋ’, ‘ಲೈಕ್’, ‘ವಾಂಟ್’ ಎಂಬ ಬೇರೆಯೇ ಕ್ರಿಯಾಪದಗಳಿವೆ.

ಒಂದು ವಾಕ್ಯವನ್ನು ಪ್ರತ್ಯೇಕವಾಗಿ ಹೇಳಬೇಕು. ತರಗತಿಯಲ್ಲಿ ‘ನನಗೊಂದು ಡೌಟ್ ಇದೆ’ ಎಂದು ಕೇಳಿ ಬೆಳೆದ ನಾವು ‘ಐ ಹ್ಯಾವ್ ಅ ಡೌಟ್’ ಎನ್ನುತ್ತೇವೆ. ವ್ಯಾಕರಣದಲ್ಲಿ ಇದು ತಪ್ಪಲ್ಲ, ಭಾರತದೊಳಗೆ ಸಲೀಸಾಗಿ ನಡೆಯುತ್ತದೆ ಕೂಡ. ಬೇರೆ ದೇಶದ ಸಹೋದ್ಯೋಗಿಗೆ ಮಾತ್ರ ಇದು ‘ನಿಮ್ಮ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ’ ಎಂಬಂತೆ ಕೇಳಿಸಬಹುದು. ಪ್ರಶ್ನೆ ಕೇಳುವ ಉದ್ದೇಶವಿದ್ದರೆ ‘ಐ ಹ್ಯಾವ್ ಅ ಕ್ವೆಶ್ಚನ್’ ಎನ್ನುವುದು ಎಲ್ಲ ಕಡೆಗೂ ಸಲ್ಲುತ್ತದೆ.

ಎರಡನೆಯ ಹೆಜ್ಜೆ: ‘ಹ್ಯಾವ್’ ಅಥವಾ ‘ಹ್ಯಾಸ್’ ಎಂದು ನಿರ್ಧರಿಸಿ

ನಿಯಮ ಚಿಕ್ಕದು. ‘ಹೀ’, ‘ಶೀ’, ‘ಇಟ್’ ಮತ್ತು ಒಬ್ಬ ವ್ಯಕ್ತಿ ಅಥವಾ ಒಂದು ವಸ್ತುವಿನ ಹೆಸರಿಗೆ ‘ಹ್ಯಾಸ್’. ‘ಐ’, ‘ಯು’, ‘ವೀ’, ‘ದೇ’ ಮತ್ತು ಬಹುವಚನಕ್ಕೆ ‘ಹ್ಯಾವ್’. ಭೂತಕಾಲದಲ್ಲಿ ಎಲ್ಲರಿಗೂ ‘ಹ್ಯಾಡ್’.

ನಿಯಮ ಗೊತ್ತಿದ್ದವರೂ ತಪ್ಪುವುದಕ್ಕೆ ಎರಡು ಕಾರಣಗಳಿವೆ. ‘ಅವಳಿಗೆ ಮೂವರು ಮಕ್ಕಳಿದ್ದಾರೆ’ ಎಂಬಲ್ಲಿ ಕನ್ನಡದ ಕ್ರಿಯಾಪದ ಮಕ್ಕಳನ್ನು ಅನುಸರಿಸಿ ಬಹುವಚನದಲ್ಲಿದೆ, ಅದೇ ಲೆಕ್ಕ ಮನಸ್ಸಿನಲ್ಲಿ ಉಳಿದು ‘ಶೀ ಹ್ಯಾವ್ ಥ್ರೀ ಚಿಲ್ಡ್ರನ್’ ಎಂದು ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಮಕ್ಕಳು ಎಷ್ಟೇ ಇರಲಿ, ನೋಡಬೇಕಾದದ್ದು ಅವಳನ್ನು ಮಾತ್ರ: ‘ಶೀ ಹ್ಯಾಸ್ ಥ್ರೀ ಚಿಲ್ಡ್ರನ್.’ ಎರಡನೆಯದು ಗೌರವದ ಬಹುವಚನ. ‘ನಮ್ಮ ತಂದೆಯವರು ಬಂದಿದ್ದಾರೆ’ ಎಂದು ನಾವು ಒಬ್ಬರಿಗೇ ಬಹುವಚನ ಬಳಸುತ್ತೇವೆ, ಇಂಗ್ಲಿಷಿನಲ್ಲಿ ಆ ಸೌಲಭ್ಯವಿಲ್ಲ. ‘ಮೈ ಫಾದರ್ ಹ್ಯಾಸ್ ಕಮ್’ ಎಂದರೆ ತಂದೆಗೆ ಅಗೌರವವಾಗುವುದಿಲ್ಲ.

‘ಎವ್ರಿವನ್’, ‘ಈಚ್’, ‘ನೋಬಡಿ’ ಎಂಬವು ಅರ್ಥದಲ್ಲಿ ಹಲವರನ್ನು ಸೂಚಿಸಿದರೂ ವ್ಯಾಕರಣದಲ್ಲಿ ಏಕವಚನಗಳೇ. ‘ಒನ್ ಆಫ್ ಮೈ ಫ್ರೆಂಡ್ಸ್ ಹ್ಯಾಸ್ ಅ ಫಾರ್ಮ್ ಇನ್ ಹಾಸನ’ ಎಂಬಲ್ಲಿ ‘ಫ್ರೆಂಡ್ಸ್’ ಪಕ್ಕದಲ್ಲೇ ಇದ್ದರೂ ಕ್ರಿಯಾಪದ ‘ಒನ್’ ಎಂಬುದನ್ನು ಅನುಸರಿಸುತ್ತದೆ.

ಮೂರನೆಯ ಹೆಜ್ಜೆ: ಪ್ರಶ್ನೆಗೂ ನಿಷೇಧಕ್ಕೂ ‘ಡು’ವಿನ ನೆರವು ಪಡೆಯಿರಿ

‘ಹ್ಯಾವ್’ ಸ್ವಾಮ್ಯವನ್ನು ಹೇಳುವಾಗ ಪ್ರಶ್ನೆ ಮತ್ತು ನಿಷೇಧ ‘ಡು’, ‘ಡಸ್’, ‘ಡಿಡ್’ಗಳಿಂದ ಆಗುತ್ತವೆ: ‘ಡು ಯು ಹ್ಯಾವ್ ಚೇಂಜ್?’, ‘ಹೀ ಡಸಂಟ್ ಹ್ಯಾವ್ ಅ ಲೈಸೆನ್ಸ್’, ‘ವೀ ಡಿಡಂಟ್ ಹ್ಯಾವ್ ಟೈಮ್’. ಏಕವಚನದ ಗುರುತನ್ನೂ ಭೂತಕಾಲದ ಗುರುತನ್ನೂ ‘ಡು’ ತನ್ನ ಮೇಲೆ ಎಳೆದುಕೊಂಡ ಮೇಲೆ ಮುಖ್ಯ ಕ್ರಿಯಾಪದ ಬರಿಯ ‘ಹ್ಯಾವ್’ ಆಗಿಯೇ ಉಳಿಯುತ್ತದೆ. ಆದ್ದರಿಂದ ‘ಡಸಂಟ್ ಹ್ಯಾಸ್’ ಮತ್ತು ‘ಡಿಡಂಟ್ ಹ್ಯಾಡ್’ ಎರಡೂ ತಪ್ಪು.

ಬ್ರಿಟಿಷರು ಮಾತಿನಲ್ಲಿ ‘ಹ್ಯಾವ್ ಯು ಗಾಟ್ ಅ ಪೆನ್?’, ‘ಐ ಹ್ಯಾವಂಟ್ ಗಾಟ್ ಎನಿ’ ಎಂದು ಹೇಳುವುದನ್ನು ಕೇಳಿರಬಹುದು. ಅರ್ಥ ಒಂದೇ. ಎರಡು ಕ್ರಮಗಳನ್ನು ಬೆರೆಸಿ ‘ಡು ಯು ಹ್ಯಾವ್ ಗಾಟ್’ ಎಂದು ಮಾತ್ರ ಹೇಳಬಾರದು. ಬರವಣಿಗೆಗೆ ‘ಡು ಯು ಹ್ಯಾವ್’ ಕ್ರಮವೇ ಸಾಕು.

ನಾಲ್ಕನೆಯ ಹೆಜ್ಜೆ: ‘ಹ್ಯಾವಿಂಗ್’ ಎನ್ನುವ ಮೊದಲು ಒಂದು ಪರೀಕ್ಷೆ

ಭಾರತೀಯರ ಇಂಗ್ಲಿಷಿನಲ್ಲಿ ಬಹುಬೇಗ ಗುರುತಿಗೆ ಸಿಗುವ ತಪ್ಪು ‘ಐ ಆ್ಯಮ್ ಹ್ಯಾವಿಂಗ್ ಅ ಕಾರ್’ ಎಂಬುದು. ಸಂದರ್ಶನಗಳಲ್ಲಿ ‘ಐ ಆ್ಯಮ್ ಹ್ಯಾವಿಂಗ್ ಫೈವ್ ಇಯರ್ಸ್ ಆಫ್ ಎಕ್ಸ್‌ಪೀರಿಯನ್ಸ್’ ಎಂಬ ವಾಕ್ಯವಂತೂ ಧಾರಾಳವಾಗಿ ಕೇಳಿಬರುತ್ತದೆ. ಕಾರು ಇರುವುದು, ಅನುಭವ ಇರುವುದು, ತಂಗಿ ಇರುವುದು ಇವೆಲ್ಲ ಸ್ಥಿತಿಗಳು. ಸ್ಥಿತಿಗೆ ಆರಂಭಿಸಿ ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸುವ ನಡೆಯಿಲ್ಲ, ಹಾಗಾಗಿ ಇಂಗ್ಲಿಷ್ ಅದಕ್ಕೆ ‘ಇಂಗ್’ ರೂಪವನ್ನು ಕೊಡುವುದಿಲ್ಲ. ‘ಐ ಹ್ಯಾವ್ ಅ ಕಾರ್’, ‘ಐ ಹ್ಯಾವ್ ಫೈವ್ ಇಯರ್ಸ್ ಆಫ್ ಎಕ್ಸ್‌ಪೀರಿಯನ್ಸ್’ ಎಂದಷ್ಟೇ ಹೇಳಬೇಕು.

ಹಾಗೆಂದು ‘ಹ್ಯಾವಿಂಗ್’ ಎಂಬ ಪದವನ್ನೇ ಕೈಬಿಡುವುದು ಇನ್ನೊಂದು ತಪ್ಪಾಗುತ್ತದೆ. ‘ಹ್ಯಾವ್’ ಒಂದು ಕೆಲಸವನ್ನೋ ನಡೆಯುತ್ತಿರುವ ಅನುಭವವನ್ನೋ ಹೇಳುವಾಗ ‘ಇಂಗ್’ ಪೂರ್ತಿ ಸರಿ: ‘ವೀ ಆರ್ ಹ್ಯಾವಿಂಗ್ ಲಂಚ್’, ‘ದೇ ಆರ್ ಹ್ಯಾವಿಂಗ್ ಅ ಮೀಟಿಂಗ್’, ‘ಶೀ ಈಸ್ ಹ್ಯಾವಿಂಗ್ ಅ ಬೇಬಿ ಇನ್ ಜೂನ್’, ‘ಐ ಆ್ಯಮ್ ಹ್ಯಾವಿಂಗ್ ಟ್ರಬಲ್ ವಿತ್ ದ ನೆಟ್‌ವರ್ಕ್’.

ಪರೀಕ್ಷೆ ಹೀಗಿದೆ. ನಿಮ್ಮ ಕನ್ನಡ ವಾಕ್ಯದ ಕೊನೆಯಲ್ಲಿ ಬರಿಯ ‘ಇದೆ’, ‘ಇವೆ’, ‘ಇದ್ದಾರೆ’ ಇದ್ದರೆ ‘ಹ್ಯಾವಿಂಗ್’ ಬೇಡ. ‘ಮಾಡುತ್ತಿದ್ದೇವೆ’, ‘ನಡೆಯುತ್ತಿದೆ’, ‘ಆಗುತ್ತಿದೆ’ ಎಂಬ ‘ಉತ್ತ’ ಇರುವ ರೂಪ ಬಂದರೆ ‘ಹ್ಯಾವಿಂಗ್’ ಬರಬಹುದು. ‘ಊಟ ಮಾಡುತ್ತಿದ್ದೇವೆ’ ಎಂಬುದರಲ್ಲಿ ‘ಉತ್ತ’ ಇದೆ. ‘ಕಾರಿದೆ’ ಎಂಬುದರಲ್ಲಿ ಇಲ್ಲ. ನಮ್ಮ ಭಾಷೆಯೇ ಈ ಭೇದವನ್ನು ಇಷ್ಟು ಸ್ಪಷ್ಟವಾಗಿ ಮಾಡಿಟ್ಟಿರುವಾಗ ಅದನ್ನು ಬಳಸಿಕೊಳ್ಳದಿರುವುದು ನಷ್ಟ.

ಇದೇ ಜಾಗದಲ್ಲಿ ಒಂದು ಮಾತು: ತಿನ್ನುವುದಕ್ಕೂ ಕುಡಿಯುವುದಕ್ಕೂ ‘ಹ್ಯಾವ್’ ಬಳಸುವುದು ಸಭ್ಯ ಇಂಗ್ಲಿಷಿನ ರೂಢಿ. ಅತಿಥಿಗೆ ‘ಕಾಫಿ ತಗೊಳ್ಳಿ’ ಎನ್ನುವಾಗ ನಾವು ‘ತಗೊಳ್ಳಿ’ ಎಂಬ ಪದದಿಂದ ಪಡೆಯುವ ಮರ್ಯಾದೆಯನ್ನು ಅವರು ‘ಪ್ಲೀಸ್ ಹ್ಯಾವ್ ಸಮ್ ಕಾಫಿ’ ಎಂಬುದರಿಂದ ಪಡೆಯುತ್ತಾರೆ. ‘ಹ್ಯಾವ್ ಅ ಸೀಟ್’, ‘ಹ್ಯಾವ್ ಅ ಲುಕ್’ ಎಂಬವೂ ಇದೇ ಗುಂಪಿನವು.

ಐದನೆಯ ಹೆಜ್ಜೆ: ಮುಗಿದ ಕೆಲಸವನ್ನು ಹೇಳುವ ‘ಹ್ಯಾವ್’

‘ಬಂದಿದ್ದೇನೆ’ ಎಂಬ ಪದವನ್ನು ಬಿಡಿಸಿದರೆ ‘ಬಂದು’ ಮತ್ತು ‘ಇದ್ದೇನೆ’ ಸಿಗುತ್ತವೆ. ಸ್ವಾಮ್ಯವನ್ನು ಹೇಳುವ ‘ಇರು’ ಧಾತುವೇ ಮುಗಿದ ಕೆಲಸವನ್ನು ಹೇಳುವುದಕ್ಕೂ ಒದಗಿಬಂದಿದೆ. ಇಂಗ್ಲಿಷಿನಲ್ಲಿಯೂ ಆಗಿರುವುದು ಇದೇ: ಸ್ವಾಮ್ಯದ ‘ಹ್ಯಾವ್’ ಸಹಾಯಕ ಕ್ರಿಯಾಪದವಾಗಿ ‘ಐ ಹ್ಯಾವ್ ಕಮ್’ ಎಂಬ ರೂಪ ಕೊಡುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಬರೆದ ಕಾಗದ ನನ್ನ ಬಳಿ ಇದೆ’ ಎಂಬ ಅರ್ಥದ ರಚನೆಯೇ ಕಾಲಕ್ರಮದಲ್ಲಿ ‘ಕಾಗದ ಬರೆದಿದ್ದೇನೆ’ ಎಂಬ ಅರ್ಥಕ್ಕೆ ತಿರುಗಿತು. ಆ ಕಾಲದಲ್ಲಿ ಈ ಕ್ರಿಯಾಪದದ ರೂಪ ‘ಹಬ್ಬನ್’ ಎಂದಿತ್ತು. ಲ್ಯಾಟಿನ್ನಿನ ‘ಹಬೇರೆ’ಗೂ ಇದಕ್ಕೂ ಅರ್ಥ ಒಂದೇ ಆಗಿ ರೂಪ ಹತ್ತಿರವಿದ್ದರೂ ಎರಡರ ಬೇರುಗಳು ಬೇರೆ ಬೇರೆ ಎಂಬುದು ಭಾಷಾಶಾಸ್ತ್ರದ ಒಂದು ಕುತೂಹಲದ ಸಂಗತಿ.

ರಚನೆಯ ಸೂತ್ರವೆಂದರೆ ‘ಹ್ಯಾವ್’ ಅಥವಾ ‘ಹ್ಯಾಸ್’ ನಂತರ ಕ್ರಿಯಾಪದದ ಮೂರನೆಯ ರೂಪ, ಅಂದರೆ ಭೂತಕೃದಂತ. ‘ಗೋ, ವೆಂಟ್, ಗಾನ್’ ಎಂಬುದರಲ್ಲಿ ‘ಗಾನ್’. ‘ಸೀ, ಸಾ, ಸೀನ್’ ಎಂಬುದರಲ್ಲಿ ‘ಸೀನ್’. ‘ಕಮ್, ಕೇಮ್, ಕಮ್’ ಎಂಬುದರಲ್ಲಿ ಮತ್ತೆ ‘ಕಮ್’. ‘ಐ ಹ್ಯಾವ್ ವೆಂಟ್’, ‘ಹೀ ಹ್ಯಾಸ್ ಕೇಮ್’ ಎಂಬವು ಶುದ್ಧ ತಪ್ಪುಗಳು. ಇಲ್ಲಿ ಪ್ರಶ್ನೆಗೂ ನಿಷೇಧಕ್ಕೂ ‘ಡು’ ಬೇಕಿಲ್ಲ, ‘ಹ್ಯಾವ್’ ತಾನೇ ಮುಂದೆ ಬರುತ್ತದೆ: ‘ಹ್ಯಾವ್ ಯು ಸೀನ್ ಮೈ ಕೀಸ್?’, ‘ಶೀ ಹ್ಯಾಸಂಟ್ ರಿಪ್ಲೈಡ್’.

ಕನ್ನಡದ ‘ಇದ್ದೇನೆ’ಗೂ ಇಂಗ್ಲಿಷಿನ ‘ಹ್ಯಾವ್’ಗೂ ಇಷ್ಟು ಹೊಂದಿಕೆ ಇರುವುದರಿಂದಲೇ ಮೂರು ಕಡೆ ನಾವು ಎಡವುತ್ತೇವೆ.

ಮೊದಲನೆಯದು ನಿಗದಿತ ಕಾಲ. ‘ಅವರನ್ನು ನಿನ್ನೆ ನೋಡಿದ್ದೇನೆ’ ಎಂದು ಕನ್ನಡದಲ್ಲಿ ಯಾವ ಅಡ್ಡಿಯೂ ಇಲ್ಲದೆ ಹೇಳಬಹುದು. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎನ್ನುವಂತಿಲ್ಲ. ‘ನಿನ್ನೆ’, ‘ಕಳೆದ ವಾರ’, ‘2018ರಲ್ಲಿ’ ಎಂದು ಮುಗಿದುಹೋದ ಸಮಯವನ್ನು ಹೆಸರಿಸಿದ ಕೂಡಲೇ ಸರಳ ಭೂತಕಾಲಕ್ಕೆ ಹೋಗಬೇಕು: ‘ಐ ಸಾ ಹಿಮ್ ಯೆಸ್ಟರ್‌ಡೇ.’ ಸಮಯ ಹೇಳದಿದ್ದಾಗ, ಅಥವಾ ‘ಆಲ್ರೆಡಿ’, ‘ಜಸ್ಟ್’, ‘ಎವರ್’, ‘ನೆವರ್’, ‘ಯೆಟ್’, ‘ಸೋ ಫಾರ್’ ಎಂಬ ಪದಗಳಿದ್ದಾಗ ‘ಹ್ಯಾವ್’ ಸಲ್ಲುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಸುತ್ತಮುತ್ತ ‘ಐ ಆಲ್ರೆಡಿ ಏಟ್’ ಎಂದು ಕೇಳುತ್ತಾರೆ. ಅಲ್ಲಿನ ಮಾತಿನಲ್ಲಿ ಅದು ಸಹಜವೇ, ಬ್ರಿಟಿಷ್ ರೂಢಿ ಮಾತ್ರ ‘ಐ ಹ್ಯಾವ್ ಆಲ್ರೆಡಿ ಈಟನ್’.

ಎರಡನೆಯದು ‘ಇಂದ’ ಪ್ರತ್ಯಯ. ‘ಹತ್ತು ವರ್ಷಗಳಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದಕ್ಕೆ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎನ್ನುವವರೇ ಹೆಚ್ಚು, ಮತ್ತು ಇದರಲ್ಲಿ ಎರಡು ತಪ್ಪುಗಳಿವೆ. ಹಿಂದೆ ಆರಂಭವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ಇಂಗ್ಲಿಷ್ ‘ಹ್ಯಾವ್ ಬೀನ್’ ಬೇಡುತ್ತದೆ. ಮತ್ತು ಕನ್ನಡದ ಒಂದೇ ‘ಇಂದ’ಕ್ಕೆ ಅಲ್ಲಿ ಎರಡು ಪದಗಳಿವೆ: ಅವಧಿಯ ಉದ್ದ ಹೇಳಿದರೆ ‘ಫಾರ್’, ಆರಂಭದ ಬಿಂದು ಹೇಳಿದರೆ ‘ಸಿನ್ಸ್’. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್’. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2015’. ಅವಧಿಯೋ ಬಿಂದುವೋ ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ ಉತ್ತರ ತಾನಾಗಿ ಸಿಗುತ್ತದೆ: ‘ಬೆಳಗ್ಗೆಯಿಂದ’ ಬಿಂದು, ‘ಮೂರು ಗಂಟೆಗಳಿಂದ’ ಅವಧಿ.

ಮೂರನೆಯದು ‘ಹೋಗಿದ್ದಾರೆ’ ಎಂಬ ಪದದ ಇಬ್ಬಗೆಯ ಅರ್ಥ. ‘ಅವರು ದೆಹಲಿಗೆ ಹೋಗಿದ್ದಾರೆ’ ಎಂದರೆ ಈಗ ಅಲ್ಲೇ ಇದ್ದಾರೆ ಎಂದೂ ಆಗಬಹುದು, ಹಿಂದೆಂದೋ ಹೋಗಿ ಬಂದ ಅನುಭವವಿದೆ ಎಂದೂ ಆಗಬಹುದು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಹೀ ಹ್ಯಾಸ್ ಗಾನ್ ಟು ಡೆಲ್ಲಿ’, ಎರಡನೆಯದಕ್ಕೆ ‘ಹೀ ಹ್ಯಾಸ್ ಬೀನ್ ಟು ಡೆಲ್ಲಿ’. ಎದುರಿಗೆ ಕುಳಿತವರ ಬಗ್ಗೆ ‘ಗಾನ್’ ಎಂದರೆ ಅಸಂಬದ್ಧವಾಗುತ್ತದೆ; ‘ಹೋಗಿ ಬಂದಿದ್ದಾರೆ’ ಎನ್ನಬಹುದಾದ ಕಡೆ ‘ಬೀನ್’ ಬಳಸಿ.

ಆರನೆಯ ಹೆಜ್ಜೆ: ‘ಹ್ಯಾಡ್’ ಎಂಬುದನ್ನು ಎರಡು ಘಟನೆಗಳಿಗೆ ಮೀಸಲಿಡಿ

‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬುದು ಒಳ್ಳೆಯ ಕನ್ನಡ. ಅದನ್ನು ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮೈಸೂರು’ ಎಂದು ಹೇಳಿದರೆ ಇಂಗ್ಲಿಷ್ ಕೇಳುಗರು ಮುಂದಿನ ಮಾತಿಗೆ ಕಾಯುತ್ತಾರೆ: ಹೋಗಿದ್ದಿರಿ, ಆಮೇಲೆ ಏನಾಯಿತು? ಏಕೆಂದರೆ ‘ಹ್ಯಾಡ್ ಗಾನ್’ ಎಂಬ ರೂಪ, ಹಿಂದೆ ನಡೆದ ಇನ್ನೊಂದು ಘಟನೆಗಿಂತಲೂ ಮುಂಚೆ ಇದು ನಡೆದಿತ್ತು ಎಂದು ಹೇಳುವುದಕ್ಕಾಗಿ ಇರುವಂಥದು. ಒಂದೇ ಘಟನೆಯಿದ್ದರೆ ‘ಐ ವೆಂಟ್ ಟು ಮೈಸೂರು ಯೆಸ್ಟರ್‌ಡೇ’ ಎಂದರೆ ಆಯಿತು.

ಎರಡು ಘಟನೆಗಳಿದ್ದಾಗ ಇದರ ಬೆಲೆ ತಿಳಿಯುತ್ತದೆ. ‘ವೆನ್ ವೀ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್’ ಎಂದರೆ ನಾವು ತಲುಪುವ ಮುಂಚೆಯೇ ರೈಲು ಹೊರಟುಹೋಗಿತ್ತು. ‘ಹ್ಯಾಡ್’ ತೆಗೆದು ‘ದ ಟ್ರೈನ್ ಲೆಫ್ಟ್’ ಎಂದರೆ ನಾವು ತಲುಪಿದ ಮೇಲೆ, ನಮ್ಮ ಕಣ್ಣೆದುರಿಗೇ ಹೊರಟಿತು ಎಂದಾಗುತ್ತದೆ.

ಹಲವರನ್ನು ಗಾಬರಿಗೊಳಿಸುವ ‘ಹ್ಯಾಡ್ ಹ್ಯಾಡ್’ ಎಂಬ ಜೋಡಿ ಈ ನಿಯಮದ ನೇರ ಫಲ. ‘ಬೈ ದ ಟೈಮ್ ವೀ ಅರೈವ್ಡ್, ದೇ ಹ್ಯಾಡ್ ಹ್ಯಾಡ್ ಡಿನ್ನರ್’ ಎಂಬಲ್ಲಿ ಮೊದಲ ‘ಹ್ಯಾಡ್’ ಸಹಾಯಕ, ಎರಡನೆಯದು ಊಟ ಮಾಡುವ ಅರ್ಥದ ಮುಖ್ಯ ಕ್ರಿಯಾಪದದ ಮೂರನೆಯ ರೂಪ. ಇನ್ನು ‘ನೀವು ಹೇಳಿದ್ದರೆ ಬರುತ್ತಿದ್ದೆ’ ಎಂಬ, ಆಗದೇ ಹೋದ ಸಂಗತಿಗೆ ‘ಇಫ್ ಯು ಹ್ಯಾಡ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್’ ಎನ್ನಬೇಕು. ‘ಇಫ್’ ಇರುವ ಭಾಗಕ್ಕೆ ‘ವುಡ್’ ಸೇರಿಸಬಾರದು.

ಏಳನೆಯ ಹೆಜ್ಜೆ: ‘ಬೇಕು’ ಮತ್ತು ‘ಹ್ಯಾವ್ ಟು’

‘ನಾನು ಹೋಗಬೇಕು’ ಎಂಬುದಕ್ಕೆ ‘ಐ ಹ್ಯಾವ್ ಟು ಗೋ’. ಉಚ್ಚಾರದಲ್ಲಿ ಇದು ‘ಹ್ಯಾಫ್ ಟು’ ಎಂದು ಕೇಳಿಸುತ್ತದೆ. ವರ್ತಮಾನದಲ್ಲಿ ಇದು ‘ಮಸ್ಟ್’ಗೆ ಬಹಳ ಹತ್ತಿರದ್ದು, ಆದರೆ ನಿಷೇಧದಲ್ಲಿ ಎರಡೂ ದೂರ ಸರಿಯುತ್ತವೆ. ‘ಯು ಡೋಂಟ್ ಹ್ಯಾವ್ ಟು ಕಮ್’ ಎಂದರೆ ‘ನೀವು ಬರಬೇಕಾಗಿಲ್ಲ’, ಬಂದರೂ ಅಡ್ಡಿಯಿಲ್ಲ. ‘ಯು ಮಸ್ಟ್ ನಾಟ್ ಕಮ್’ ಎಂದರೆ ‘ನೀವು ಬರಕೂಡದು’. ಅತಿಥಿಗೆ ತೊಂದರೆ ತಪ್ಪಿಸಲು ಹೊರಟು ಎರಡನೆಯದನ್ನು ಹೇಳಿಬಿಟ್ಟರೆ ಸಂಬಂಧವೇ ಕೆಡಬಹುದು.

ಭೂತಕಾಲದಲ್ಲಿ ಕನ್ನಡ ಎರಡು ರೂಪಗಳನ್ನು ಇಟ್ಟುಕೊಂಡಿದೆ, ಇಂಗ್ಲಿಷೂ ಅಷ್ಟೇ. ‘ಹೋಗಬೇಕಾಯಿತು’ ಎಂದರೆ ಅನಿವಾರ್ಯವಾಗಿ ಹೋದೆ: ‘ಐ ಹ್ಯಾಡ್ ಟು ಗೋ.’ ‘ಹೋಗಬೇಕಿತ್ತು’ ಎಂದರೆ, ಹೋಗದೆ ಉಳಿದದ್ದಕ್ಕೆ ಈಗ ವಿಷಾದ ಪಡುವಾಗ, ‘ಐ ಶುಡ್ ಹ್ಯಾವ್ ಗಾನ್.’ ‘ಆಯಿತು’ ಮತ್ತು ‘ಇತ್ತು’ ಎಂಬ ಎರಡು ಕೊನೆಗಳನ್ನು ಗಮನಿಸಿದರೆ ಸಾಕು.

ಎಂಟನೆಯ ಹೆಜ್ಜೆ: ಊಹೆಯ ಮಾತಿನಲ್ಲಿ ‘ಹ್ಯಾವ್’

‘ಹೋಗಿರಬೇಕು’ ಎಂಬುದಕ್ಕೆ ‘ಮಸ್ಟ್ ಹ್ಯಾವ್ ಗಾನ್’, ‘ಹೋಗಿರಬಹುದು’ ಎಂಬುದಕ್ಕೆ ‘ಮೈಟ್ ಹ್ಯಾವ್ ಗಾನ್’. ಕನ್ನಡದ ‘ಹೋಗಿ+ಇರ+ಬೇಕು’ ಎಂಬ ಮೂರು ತುಂಡುಗಳು ಇಂಗ್ಲಿಷಿನಲ್ಲಿ ಹಿಂದುಮುಂದಾಗಿ ಕುಳಿತಿವೆ: ‘ಬೇಕು’ಗೆ ‘ಮಸ್ಟ್’, ‘ಇರು’ಗೆ ‘ಹ್ಯಾವ್’, ‘ಹೋಗಿ’ಗೆ ‘ಗಾನ್’. ಈ ಜಾಗದಲ್ಲಿ ಕರ್ತೃ ಯಾರೇ ಆಗಿರಲಿ ‘ಹ್ಯಾಸ್’ ಬರುವುದಿಲ್ಲ. ‘ಶೀ ಮಸ್ಟ್ ಹ್ಯಾವ್ ಗಾನ್’ ಎಂಬುದೇ ಸರಿ. ಮಾತಿನಲ್ಲಿ ಈ ‘ಹ್ಯಾವ್’ ಸವೆದು ‘ಅವ್’ ಎಂದಷ್ಟೇ ಕೇಳಿಸುವುದರಿಂದ ಇಂಗ್ಲಿಷ್ ತಾಯ್ನುಡಿಯವರಲ್ಲೇ ಕೆಲವರು ‘ಶುಡ್ ಆಫ್’ ಎಂದು ತಪ್ಪಾಗಿ ಬರೆಯುತ್ತಾರೆ. ಅದನ್ನು ಅನುಕರಿಸಬೇಡಿ.

ಒಂಬತ್ತನೆಯ ಹೆಜ್ಜೆ: ಮಾಡುವುದು ಬೇರೆ, ಮಾಡಿಸುವುದು ಬೇರೆ

ಕನ್ನಡದಲ್ಲಿ ‘ಇಸು’ ಪ್ರತ್ಯಯ ಸೇರಿಸಿದರೆ ಬೇರೆಯವರಿಂದ ಮಾಡಿಸುವ ಅರ್ಥ ಬಂದುಬಿಡುತ್ತದೆ: ಮಾಡು, ಮಾಡಿಸು, ಕಟ್ಟು, ಕಟ್ಟಿಸು, ಹೊಲಿ, ಹೊಲಿಸು. ಇಷ್ಟು ಅಚ್ಚುಕಟ್ಟಾದ ಸೌಕರ್ಯ ಇಂಗ್ಲಿಷಿನಲ್ಲಿ ಇಲ್ಲದಿರುವುದರಿಂದ ಅಲ್ಲಿ ‘ಹ್ಯಾವ್’ ಈ ಕೆಲಸಕ್ಕೂ ನಿಲ್ಲುತ್ತದೆ. ‘ಕಾರನ್ನು ರಿಪೇರಿ ಮಾಡಿಸಿದೆ’ ಎಂಬುದು ‘ಐ ಹ್ಯಾಡ್ ದ ಕಾರ್ ರಿಪೇರ್ಡ್’. ‘ಐ ರಿಪೇರ್ಡ್ ದ ಕಾರ್’ ಎಂದರೆ ಸ್ಪ್ಯಾನರ್ ಹಿಡಿದವರು ನೀವೇ ಎಂದಾಯಿತು. ‘ಮನೆ ಕಟ್ಟಿಸುತ್ತಿದ್ದೇವೆ’ ಎಂಬುದು ‘ವೀ ಆರ್ ಹ್ಯಾವಿಂಗ್ ಅ ಹೌಸ್ ಬಿಲ್ಟ್’, ‘ಕಟಿಂಗ್ ಮಾಡಿಸಿಕೊಂಡೆ’ ಎಂಬುದು ‘ಐ ಹ್ಯಾಡ್ ಮೈ ಹೇರ್ ಕಟ್’.

ಇಲ್ಲಿ ಪದಗಳ ಕ್ರಮವೇ ಅರ್ಥವನ್ನು ತೀರ್ಮಾನಿಸುತ್ತದೆ. ‘ಐ ಹ್ಯಾಡ್ ರಿಪೇರ್ಡ್ ದ ಕಾರ್’ ಎಂದರೆ ‘ನಾನೇ ಕಾರನ್ನು ರಿಪೇರಿ ಮಾಡಿದ್ದೆ’. ‘ಐ ಹ್ಯಾಡ್ ದ ಕಾರ್ ರಿಪೇರ್ಡ್’ ಎಂದರೆ ‘ಮಾಡಿಸಿದೆ’. ವಸ್ತು ನಡುವೆ ಬಂದರೆ ಮಾಡಿಸಿದ್ದು, ಕೊನೆಗೆ ಹೋದರೆ ಮಾಡಿದ್ದು. ಕೆಲಸ ಮಾಡಿದವರನ್ನು ಹೆಸರಿಸಬೇಕಾದಾಗ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ: ‘ಐ ಹ್ಯಾಡ್ ದ ಮೆಕ್ಯಾನಿಕ್ ಚೆಕ್ ದ ಬ್ರೇಕ್ಸ್’, ಅಂದರೆ ಮೆಕ್ಯಾನಿಕ್ ಕೈಯಲ್ಲಿ ಬ್ರೇಕ್ ನೋಡಿಸಿದೆ. ಈ ರಚನೆಯನ್ನು ಶಾಲೆಯಲ್ಲಿ ತೀರ ಕಡಿಮೆ ಕಲಿಸುತ್ತಾರೆ. ದಿನದ ವ್ಯವಹಾರದಲ್ಲಿ ನಾವು ಮಾಡಿಸುವ ಕೆಲಸಗಳೇ ಹೆಚ್ಚಾಗಿರುವಾಗ ಇದಕ್ಕೆ ಹೆಚ್ಚಿನ ಅಭ್ಯಾಸ ಬೇಕೆಂದು ನನಗೆ ಅನ್ನಿಸುತ್ತದೆ.

ಹತ್ತನೆಯ ಹೆಜ್ಜೆ: ಒಂದು ಪತ್ರವನ್ನು ತಿದ್ದಿ ನೋಡಿ

ಕೆಲಸಕ್ಕೆ ಅರ್ಜಿ ಹಾಕುವವರು ಬರೆಯಬಹುದಾದ ಈ ಸಾಲುಗಳನ್ನು ಮೊದಲು ನೀವೇ ತಿದ್ದಲು ಪ್ರಯತ್ನಿಸಿ, ಆಮೇಲೆ ಕೆಳಗಿನ ವಿವರಣೆಯನ್ನು ಓದಿ.

‘ಐ ಆ್ಯಮ್ ಹ್ಯಾವಿಂಗ್ ಸಿಕ್ಸ್ ಇಯರ್ಸ್ ಆಫ್ ಎಕ್ಸ್‌ಪೀರಿಯನ್ಸ್ ಇನ್ ಅಕೌಂಟ್ಸ್. ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ ಇನ್ 2018. ಐ ಆ್ಯಮ್ ವರ್ಕಿಂಗ್ ಇನ್ ದ ಪ್ರೆಸೆಂಟ್ ಕಂಪನಿ ಸಿನ್ಸ್ ಫೋರ್ ಇಯರ್ಸ್. ಮೈ ಮ್ಯಾನೇಜರ್ ಹ್ಯಾವ್ ನೋ ಅಬ್ಜೆಕ್ಷನ್. ಲಾಸ್ಟ್ ವೀಕ್ ಐ ಹ್ಯಾಡ್ ಸೆಂಟ್ ಮೈ ರೆಸ್ಯೂಮೆ, ಬಟ್ ಐ ಡಿಡಂಟ್ ಹ್ಯಾಡ್ ಎನಿ ರಿಪ್ಲೈ.’

ಅನುಭವ ಒಂದು ಸ್ಥಿತಿಯಾದ್ದರಿಂದ ಮೊದಲ ವಾಕ್ಯ ‘ಐ ಹ್ಯಾವ್ ಸಿಕ್ಸ್ ಇಯರ್ಸ್’ ಎಂದಾಗಬೇಕು. 2018 ಎಂಬ ಮುಗಿದ ಸಮಯ ಇರುವುದರಿಂದ ಎರಡನೆಯದು ‘ಐ ಕಂಪ್ಲೀಟೆಡ್’ ಎಂದಾಗಬೇಕು. ಇಸವಿಯನ್ನು ಬಿಟ್ಟು ‘ಐ ಹ್ಯಾವ್ ಅ ಬಿಕಾಂ ಡಿಗ್ರಿ’ ಎಂದರೂ ಒಪ್ಪುತ್ತದೆ. ಮೂರನೆಯದರಲ್ಲಿ ನಾಲ್ಕು ವರ್ಷ ಎಂಬುದು ಅವಧಿ, ಕೆಲಸ ಈಗಲೂ ನಡೆದಿದೆ, ಆದ್ದರಿಂದ ‘ಐ ಹ್ಯಾವ್ ಬೀನ್ ವರ್ಕಿಂಗ್’ ಎಂದು ಆರಂಭಿಸಿ ‘ಫಾರ್ ಫೋರ್ ಇಯರ್ಸ್’ ಎಂದು ಮುಗಿಸಬೇಕು. ಮ್ಯಾನೇಜರ್ ಒಬ್ಬರೇ, ಹಾಗಾಗಿ ‘ಹ್ಯಾಸ್’. ಕೊನೆಯ ವಾಕ್ಯದಲ್ಲಿ ಹಿಂದುಮುಂದಿನ ಕ್ರಮವನ್ನು ಒತ್ತಿ ಹೇಳುವ ಅಗತ್ಯವಿಲ್ಲದ್ದರಿಂದ ‘ಐ ಸೆಂಟ್’ ಸಾಕು. ‘ಡಿಡಂಟ್ ಹ್ಯಾಡ್’ ಎಂಬುದನ್ನು ‘ಡಿಡಂಟ್ ಹ್ಯಾವ್’ ಎಂದು ತಿದ್ದಿದರೆ ವ್ಯಾಕರಣದ ತಪ್ಪು ಹೋಗುತ್ತದೆ, ಆದರೆ ಉತ್ತರ ಇಂದಿನವರೆಗೂ ಬಂದಿಲ್ಲ ಎಂಬುದು ಬರೆದವರ ನಿಜವಾದ ಅರ್ಥ. ಅದಕ್ಕೆ ‘ಬಟ್ ಐ ಹ್ಯಾವಂಟ್ ಹ್ಯಾಡ್ ಅ ರಿಪ್ಲೈ ಯೆಟ್’ ಎಂಬುದೇ ಸರಿಯಾದ ರೂಪ. ಅದರಲ್ಲಿ ಮೊದಲನೆಯದು ಸಹಾಯಕ ‘ಹ್ಯಾವ್’, ಎರಡನೆಯದು ಪಡೆಯುವ ಅರ್ಥದ ಮುಖ್ಯ ‘ಹ್ಯಾವ್’ನ ಮೂರನೆಯ ರೂಪ.